ಹಿಮ್ಮಡಿಯ ರಜ್ಜುವೂ ಬಿಳಿಯ ಗುಳಿಗೆಯೂ

ಜೆ.ಪಿ. ನಗರದ ಯಾವ ಹಂತದ ಮುಖ್ಯರಸ್ತೆಯಲ್ಲಿ ನಡೆದರೂ ಹೋಮಿಯೋಪಥಿ ಚಿಕಿತ್ಸಾಲಯದ ಒಂದಾದರೂ ಫಲಕ ಕಣ್ಣಿಗೆ ಬೀಳುತ್ತದೆ. ಅದರ ಆಸುಪಾಸಿನಲ್ಲಿಯೇ ಬ್ಯಾಡ್ಮಿಂಟನ್ ಅಂಗಣದ ಫಲಕವೂ ಇರುತ್ತದೆ. ಈ ಎರಡು ಫಲಕಗಳಿಗೆ ಸಂಬಂಧವಿದೆಯೆಂದು ಮೇಲ್ನೋಟಕ್ಕೆ ತೋರುವುದಿಲ್ಲ. ಆದರೆ ವಾರವೆಲ್ಲ ಕುರ್ಚಿಯಲ್ಲಿ ಕುಳಿತು ಭಾನುವಾರ ಮುಂಜಾನೆ ಮಾತ್ರ ಅಂಗಣಕ್ಕಿಳಿಯುವ ನಲವತ್ತು ಐವತ್ತರ ಗೃಹಸ್ಥರು, ಪುಟ್ಟೇನಹಳ್ಳಿ ಕೆರೆಯ ದಂಡೆಯಲ್ಲಿ ಒಂದು ಶುಭದಿನ ನೋಡಿ ಓಟವನ್ನು ಪ್ರಾರಂಭಿಸುವವರು, ತುಂಬಿದ ಸಿಲಿಂಡರನ್ನು ಒಬ್ಬರೇ ಎತ್ತಿಡುವ ತಾಯಂದಿರು, ಇವರೆಲ್ಲ ಹಿಮ್ಮಡಿಯನ್ನೋ ಮೊಣಕೈಯನ್ನೋ ಭುಜವನ್ನೋ ಹಿಡಿದುಕೊಂಡು ಒಂದು ಫಲಕದ ಕೆಳಗಿನಿಂದ ಇನ್ನೊಂದು ಫಲಕದ ಕೆಳಗೆ ಬಂದು ನಿಲ್ಲುವುದು ನಮ್ಮ ಬಡಾವಣೆಗಳಲ್ಲಿ ದಿನವೂ ಕಾಣುವ ಸಂಗತಿ. "ನರ ಎಳೆದುಕೊಂಡಿದೆ ಡಾಕ್ಟ್ರೇ, ಒಂದು ಡೋಸು ಕೊಡಿ" ಎಂಬುದು ಅವರ ಮೊದಲ ಮಾತು.

ಆ ಮೊದಲ ಮಾತಿನಲ್ಲಿಯೇ ಒಂದು ತೊಡಕಿದೆ. ನಮ್ಮ ಆಡುನುಡಿಯಲ್ಲಿ ಚರ್ಮದ ಕೆಳಗೆ ಹಗ್ಗದಂತೆ ಕೈಗೆ ಸಿಕ್ಕುವುದೆಲ್ಲವೂ ನರವೇ. ಮಿದುಳಿನ ಸಂದೇಶವನ್ನು ಒಯ್ಯುವ ನರ ಬೇರೆ, ಮಾಂಸಖಂಡವನ್ನು ಎಲುಬಿಗೆ ಕಟ್ಟಿಹಾಕುವ ರಜ್ಜು ಬೇರೆ, ಎಲುಬನ್ನು ಎಲುಬಿಗೆ ಬಿಗಿಯುವ ರಜ್ಜು ಮತ್ತೂ ಬೇರೆ. ಎರಡನೆಯದನ್ನು ವೈದ್ಯರು ಟೆಂಡನ್ ಎನ್ನುತ್ತಾರೆ. ಪಠ್ಯಪುಸ್ತಕಗಳು ಸ್ನಾಯುರಜ್ಜು ಎನ್ನುತ್ತವೆ. ನಮ್ಮ ಹಿಮ್ಮಡಿಯ ಹಿಂದೆ ಬಿಗಿಯಾಗಿ ನಿಂತಿರುವುದು ಶರೀರದ ಅತ್ಯಂತ ದಪ್ಪನಾದ ಸ್ನಾಯುರಜ್ಜು. ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. ನರದ ಮಾತ್ರೆಯೆಂದು ಅಂಗಡಿಯಿಂದ ತಂದು ನುಂಗುವ ಬಿ-12 ಜೀವಸತ್ತ್ವ ಹರಿದ ರಜ್ಜುವನ್ನು ಕೂಡಿಸಲಾರದು.

ಈ ಲೇಖನದ ಉದ್ದೇಶ ಹೋಮಿಯೋಪಥಿ ವೈದ್ಯರನ್ನು ಜರೆಯುವುದಲ್ಲ. ಕನ್ನಡ ನಾಡಿಗೂ ಈ ಪದ್ಧತಿಗೂ ಹಳೆಯ ನಂಟಿದೆ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಶಾಲೆಯನ್ನು ತೆರೆದರು. ಕುಷ್ಠರೋಗಿಗಳನ್ನು ಹತ್ತಿರ ಸೇರಿಸಲು ಊರೇ ಹೆದರುತ್ತಿದ್ದ ಕಾಲದಲ್ಲಿ ಅವರಿಗೆ ಆಶ್ರಯ ನೀಡಿದರು. ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಕಟ್ಟಿದ ಬಿ.ಡಿ. ಜತ್ತಿಯವರ ಹೆಸರಿನ ಹೋಮಿಯೋಪಥಿ ಮಹಾವಿದ್ಯಾಲಯ ಧಾರವಾಡದಲ್ಲಿದೆ. ಸರಕಾರದ ಮಹಾವಿದ್ಯಾಲಯ ನಮ್ಮ ಬಸವೇಶ್ವರನಗರದಲ್ಲಿಯೇ ಇದೆ. ಜಾತ್ರೆ, ಸ್ಮರಣೋತ್ಸವಗಳ ಸಂದರ್ಭದಲ್ಲಿ ಮಠಗಳು ನಡೆಸುವ ಉಚಿತ ಆರೋಗ್ಯ ಶಿಬಿರಗಳಲ್ಲಿ ಈ ವೈದ್ಯರು ಬಂದು ಕುಳಿತು, ದಿನವಿಡೀ ಬೇಸರವಿಲ್ಲದೆ ಸೇವೆ ಸಲ್ಲಿಸುತ್ತಾರೆ. ಅವರ ದಾಸೋಹಬುದ್ಧಿಯನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ.

ಜನರು ಅವರಲ್ಲಿಗೆ ಹೋಗುವುದಕ್ಕೂ ಕಾರಣಗಳಿವೆ, ಅವು ಕ್ಷುಲ್ಲಕವಾದವಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದವನಿಗೆ ಐದು ನಿಮಿಷದ ದರ್ಶನ, ಆಮೇಲೆ ಎಂ.ಆರ್.ಐ. ಚೀಟಿ; ಅದರ ಬೆನ್ನಿಗೆ ಶಸ್ತ್ರಚಿಕಿತ್ಸೆಯ ಮಾತು. ಹೋಮಿಯೋಪಥಿ ವೈದ್ಯರಾದರೋ ಮುಕ್ಕಾಲು ಗಂಟೆ ಕೂರಿಸಿಕೊಳ್ಳುತ್ತಾರೆ. ನೋವು ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಬಿಸಿ ಶಾಖ ಹಿತವೋ ತಂಪು ಹಿತವೋ, ನಿದ್ರೆ ಹೇಗೆ, ಸಿಟ್ಟು ಬರುವುದುಂಟೋ ಎಂದೆಲ್ಲ ಕೇಳುತ್ತಾರೆ. ನೊಂದವರಿಗೆ ಕೇಳಿಸಿಕೊಳ್ಳುವ ಕಿವಿಯೇ ಅರ್ಧ ಔಷಧ. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿ ಜಠರ, ಮೂತ್ರಪಿಂಡಗಳನ್ನು ಕೆಡಿಸಿಕೊಂಡವರ ಕಥೆ ಪ್ರತಿ ಮನೆಯಲ್ಲಿಯೂ ಇರುವಾಗ, ಅಡ್ಡಪರಿಣಾಮವಿಲ್ಲವೆಂಬ ಭರವಸೆ ಎಷ್ಟು ದೊಡ್ಡ ಆಕರ್ಷಣೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲೋಪಥಿ ವೈದ್ಯರು ಹೋಮಿಯೋಪಥಿಯನ್ನು ಗೇಲಿ ಮಾಡುವುದಕ್ಕೆ ಮೊದಲು ತಮ್ಮ ಕೊಠಡಿಯ ಗಡಿಯಾರವನ್ನು ಒಮ್ಮೆ ನೋಡಿಕೊಳ್ಳುವುದು ಉಚಿತ.

ಇನ್ನು ಗುಳಿಗೆಯ ವಿಚಾರ. ಈ ಪದ್ಧತಿಯಲ್ಲಿ ಪೆಟ್ಟಿಗೆ ಆರ್ನಿಕಾ ಎಂದೂ, ಸ್ನಾಯುರಜ್ಜು ಮತ್ತು ಎಲುಬಿನ ಹೊದಿಕೆಯ ನೋವಿಗೆ ರೂಟಾ ಎಂದೂ, ಮೊದಲ ಹೆಜ್ಜೆಗೆ ನೋವು ಹೆಚ್ಚಿ ನಡೆಯುತ್ತ ಹೋದಂತೆ ಕಡಿಮೆಯಾಗುವುದಾದರೆ ರಸ್ ಟಾಕ್ಸ್ ಎಂದೂ, ಅಲುಗಾಡಿದರೆ ಸಾಕು ನೋವೆನ್ನುವವರಿಗೆ ಬ್ರಯೋನಿಯಾ ಎಂದೂ ಕೊಡುವುದು ವಾಡಿಕೆ. ರೂಟಾ ಪರದೇಶದ ವಸ್ತುವೇನಲ್ಲ. ನಮ್ಮ ಅಜ್ಜಿಯರು ಹಿತ್ತಿಲಲ್ಲಿ ಬೆಳೆಸುತ್ತಿದ್ದ ನಾಗದಾಳಿ ಸೊಪ್ಪೇ ಅದು. ಆದರೆ ಹಿತ್ತಿಲ ಸೊಪ್ಪಿಗೂ ಸೀಸೆಯ ಗುಳಿಗೆಗೂ ಬಹಳ ದೂರ. ರೂಟಾ 30 ಎಂದರೆ ಮೂಲ ಅರ್ಕದ ಒಂದು ಪಾಲನ್ನು ತೊಂಬತ್ತೊಂಬತ್ತು ಪಾಲು ದ್ರಾವಕದಲ್ಲಿ ಕಲಕಿ, ಅದರಲ್ಲಿ ಒಂದು ಪಾಲನ್ನು ಮತ್ತೆ ತೊಂಬತ್ತೊಂಬತ್ತರಲ್ಲಿ ಕಲಕಿ, ಹೀಗೆ ಮೂವತ್ತು ಸಲ ಮಾಡಿದ್ದು. ಒಂದರ ಮುಂದೆ ಅರವತ್ತು ಸೊನ್ನೆಗಳನ್ನು ಇಟ್ಟರೆ ಎಷ್ಟಾಗುವುದೋ ಅಷ್ಟು ಪಾಲು ತೆಳುವಾಯಿತೆಂದು ಅರ್ಥ. ಹನ್ನೆರಡನೆಯ ಸಲ ಕಲಕುವ ಹೊತ್ತಿಗೇ ಮೂಲ ಸೊಪ್ಪಿನ ಒಂದು ಅಣುವಾದರೂ ಉಳಿದಿರುವುದು ಅನುಮಾನ. ಹೋಮಿಯೋಪಥಿಯ ಮೂಲಪುರುಷ ಸ್ಯಾಮ್ಯುಯೆಲ್ ಹಾನಿಮನ್ ತಮ್ಮ ಮುಖ್ಯ ಗ್ರಂಥವನ್ನು 1810ರಲ್ಲಿ ಪ್ರಕಟಿಸಿ 1843ರಲ್ಲಿ ತೀರಿಕೊಂಡರು. ಒಂದು ತೊಟ್ಟು ದ್ರವದಲ್ಲಿ ಎಷ್ಟು ಅಣುಗಳಿರುತ್ತವೆಂದು ಅಂದಾಜು ಮಾಡುವ ದಾರಿ ವಿಜ್ಞಾನಕ್ಕೆ ದೊರೆತದ್ದು ಅವರು ತೀರಿಕೊಂಡ ಇಪ್ಪತ್ತೆರಡು ವರ್ಷಗಳ ಮೇಲೆ, 1865ರಲ್ಲಿ. ಆದುದರಿಂದ ಅವರನ್ನು ದೂಷಿಸುವಂತಿಲ್ಲ. ರಕ್ತ ತೆಗೆಯುವುದು, ಪಾದರಸ ಕುಡಿಸುವುದು ವೈದ್ಯವೆನಿಸಿದ್ದ ಅವರ ಕಾಲದಲ್ಲಿ ರೋಗಿಯನ್ನು ಹಿಂಸಿಸದೆ ಬಿಟ್ಟದ್ದೇ ಅವರು ಮಾಡಿದ ಉಪಕಾರ.

ಪರೀಕ್ಷೆಗಳು ಏನು ಹೇಳುತ್ತವೆ? ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಯು ಲಭ್ಯ ಅಧ್ಯಯನಗಳನ್ನೆಲ್ಲ ತೂಗಿನೋಡಿ, ಹೋಮಿಯೋಪಥಿ ಪರಿಣಾಮಕಾರಿಯೆಂಬುದಕ್ಕೆ ನಂಬಲರ್ಹ ಆಧಾರವಿರುವ ಕಾಯಿಲೆ ಒಂದೂ ಇಲ್ಲವೆಂದು 2015ರಲ್ಲಿ ವರದಿ ಕೊಟ್ಟಿತು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು 2017ರಲ್ಲಿ ತನ್ನ ವೈದ್ಯರು ಈ ಔಷಧಗಳನ್ನು ಬರೆದುಕೊಡಬಾರದೆಂದು ಸಲಹೆ ನೀಡಿತು. ಆರ್ನಿಕಾ ಮುಲಾಮಿನ ಬಗ್ಗೆ ಸ್ವಲ್ಪ ಒಳ್ಳೆಯ ಮಾತಿದೆ: ಕೈಬೆರಳ ಸಂಧಿವಾತಕ್ಕೆ ಅದು ಐಬುಪ್ರೊಫೆನ್ ಮುಲಾಮಿಗೆ ಸಮನಾಗಿ ಕೆಲಸ ಮಾಡಿತೆಂದು 2007ರ ಒಂದು ಅಧ್ಯಯನ ಕಂಡಿತು. ಆದರೆ ಅದರಲ್ಲಿ ಬಳಸಿದ್ದು ಸಸ್ಯದ ಸಾರವೇ ಹೇರಳವಾಗಿರುವ ಮುಲಾಮು, ಮೂವತ್ತು ಸಲ ತೆಳುವಾದ ಗುಳಿಗೆಯಲ್ಲ. ರೋಗವೂ ಸಂಧಿವಾತವೇ ಹೊರತು ಸ್ನಾಯುರಜ್ಜುವಿನದಲ್ಲ.

"ಹಾಗಾದರೆ ನನಗೆ ವಾಸಿಯಾದದ್ದು ಸುಳ್ಳೇ?" ಎಂದು ಕೇಳುವವರಿದ್ದಾರೆ. ವಾಸಿಯಾದದ್ದು ನಿಜ. ಸ್ನಾಯುರಜ್ಜುವಿನ ಸಣ್ಣಪುಟ್ಟ ಎಳೆತಗಳು ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ನೋವು ತುತ್ತತುದಿಗೆ ಮುಟ್ಟಿದ ದಿನ ನಾವು ವೈದ್ಯರಲ್ಲಿಗೆ ಹೋಗುತ್ತೇವೆ. ತುದಿ ಮುಟ್ಟಿದ್ದು ಇಳಿಯಲೇಬೇಕು. ಇಳಿಯುವಾಗ ಬಾಯಲ್ಲಿದ್ದ ಗುಳಿಗೆಗೆ ಕೀರ್ತಿ ಸಲ್ಲುತ್ತದೆ. ಇದರಿಂದ ಯಾರಿಗೂ ನಷ್ಟವಿಲ್ಲ, ಗುಳಿಗೆಯೂ ಸಿಹಿ. ಇಂಥ ಸಣ್ಣ ನೋವಿಗೆ ಗುಳಿಗೆ ತೆಗೆದುಕೊಳ್ಳುವವರೊಡನೆ ನನಗೆ ಜಗಳವಿಲ್ಲ.

ನನ್ನ ತಕರಾರು ಇರುವುದು ಹರಿದ ರಜ್ಜುವಿನ ವಿಷಯದಲ್ಲಿ. ಆಟದ ನಡುವೆ ಹಿಂದಿನಿಂದ ಯಾರೋ ಕಾಲಿಗೆ ಒದ್ದಂತಾಗಿ, ಟಪ್ಪೆಂದು ಸದ್ದು ಕೇಳಿ, ತಿರುಗಿ ನೋಡಿದರೆ ಯಾರೂ ಇಲ್ಲವೆಂದರೆ ಅದು ಹಿಮ್ಮಡಿಯ ರಜ್ಜು ಹರಿದ ಲಕ್ಷಣ. ವಿಚಿತ್ರವೆಂದರೆ ಅಂಥವರು ಕುಂಟುತ್ತಲಾದರೂ ನಡೆದುಕೊಂಡೇ ಮನೆಗೆ ಬರಬಲ್ಲರು. ಪಾದವನ್ನು ಸ್ವಲ್ಪಮಟ್ಟಿಗೆ ಕೆಳಕ್ಕೆ ಬಾಗಿಸಲೂ ಬಲ್ಲರು, ಏಕೆಂದರೆ ಪಕ್ಕದ ಇತರ ಸ್ನಾಯುಗಳು ಆ ಕೆಲಸವನ್ನು ಅಷ್ಟಿಷ್ಟು ನಿಭಾಯಿಸುತ್ತವೆ. ಎರಡು ಮೂರು ದಿನಗಳಲ್ಲಿ ನೋವು ಕೂಡ ತಗ್ಗುತ್ತದೆ. ಅಲ್ಲಿಗೆ ಉಳುಕಿರಬೇಕೆಂಬ ತೀರ್ಮಾನವಾಗಿ, ಆರ್ನಿಕಾ 200 ಬಂದು, ಬಿಸಿ ನೀರಿನ ಶಾಖ ಬಂದು, ಒಂದು ತಿಂಗಳು ಕಳೆದುಹೋಗುತ್ತದೆ. ಆ ತಿಂಗಳೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಮೊದಲ ದಿನಗಳಲ್ಲಿಯೇ ಪಾದದ ಬೆರಳು ಕೆಳಮುಖವಾಗಿರುವಂತೆ ಪಟ್ಟಿಯನ್ನೋ ವಿಶೇಷ ಪಾದರಕ್ಷೆಯನ್ನೋ ಕಟ್ಟಿದರೆ ಹರಿದ ತುದಿಗಳು ಒಂದರ ಹತ್ತಿರ ಒಂದು ಬಂದು ಕೂಡಿಕೊಳ್ಳುತ್ತವೆ. ತಡವಾದರೆ ಮಾಂಸಖಂಡ ಮೇಲಕ್ಕೆ ಎಳೆದುಕೊಂಡು ನಡುವೆ ತೆರಪು ಬೀಳುತ್ತದೆ. ಆಗ ಬೇರೆಡೆಯ ರಜ್ಜುವನ್ನು ತಂದು ಹೊಂದಿಸುವ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಇದರಲ್ಲಿರುವ ವ್ಯಂಗ್ಯವನ್ನು ಓದುಗರು ಗಮನಿಸಬೇಕು. ಶಸ್ತ್ರಚಿಕಿತ್ಸೆಗೆ ಹೆದರಿ ಗುಳಿಗೆಯ ದಾರಿ ಹಿಡಿದವರು ಶಸ್ತ್ರಚಿಕಿತ್ಸೆಯ ಬಾಗಿಲಿಗೇ ಹೋಗಿ ನಿಲ್ಲುತ್ತಾರೆ. ಬೇಗ ಹೋಗಿದ್ದರೆ ಬಹುಶಃ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ನಾರ್ವೆ ದೇಶದಲ್ಲಿ ಹಿಮ್ಮಡಿಯ ರಜ್ಜು ಆಗತಾನೆ ಹರಿದ 526 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಶಸ್ತ್ರಚಿಕಿತ್ಸೆ, ಕೆಲವರಿಗೆ ಪಟ್ಟಿ ಮತ್ತು ವ್ಯಾಯಾಮ ಮಾತ್ರ ಮಾಡಿ ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ವರ್ಷದ ಕೊನೆಗೆ ನಡಿಗೆ ಮತ್ತು ಚಟುವಟಿಕೆಗಳಲ್ಲಿ ಇವರೆಲ್ಲ ಸಮಸಮ. ಮತ್ತೆ ಹರಿಯುವ ಸಂಭವ ಮಾತ್ರ ಶಸ್ತ್ರಚಿಕಿತ್ಸೆ ಇಲ್ಲದವರಲ್ಲಿ ನೂರಕ್ಕೆ ಆರರಷ್ಟು ಇದ್ದರೆ ಮಾಡಿಸಿಕೊಂಡವರಲ್ಲಿ ಒಂದಕ್ಕಿಂತ ಕಡಿಮೆ. ಅದಕ್ಕೆ ಪ್ರತಿಯಾಗಿ ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟಾಗುವುದು ಹೆಚ್ಚು. ಯಾವ ದಾರಿಯೆಂದು ವೈದ್ಯರೊಡನೆ ಕುಳಿತು ಯೋಚಿಸಲು ಅವಕಾಶವಿದೆ. ಆದರೆ ಆ ಅವಕಾಶ ಇರುವುದು ಮೊದಲ ದಿನಗಳಲ್ಲಿ ಹೋದವರಿಗೆ.

ಕಂಡುಹಿಡಿಯುವುದು ಕಷ್ಟವೂ ಅಲ್ಲ. ರೋಗಿಯನ್ನು ಬೋರಲಾಗಿ ಮಲಗಿಸಿ, ಪಾದಗಳು ಮಂಚದ ಅಂಚಿನಿಂದ ಆಚೆ ಇಳಿಬಿದ್ದಿರುವಂತೆ ಮಾಡಿ, ಮೀನಖಂಡವನ್ನು ಅಂಗೈಯಲ್ಲಿ ಹಿಡಿದು ಹಿಂಡಬೇಕು. ರಜ್ಜು ನೆಟ್ಟಗಿದ್ದರೆ ಪಾದ ತಾನಾಗಿ ಕೆಳಕ್ಕೆ ಬಾಗುತ್ತದೆ. ಹರಿದಿದ್ದರೆ ಅಲುಗಾಡದೆ ಸುಮ್ಮನಿರುತ್ತದೆ. ಸಿಮಂಡ್ಸ್ ಮತ್ತು ಥಾಂಪ್ಸನ್ ಎಂಬ ವೈದ್ಯರ ಹೆಸರಿನಿಂದ ಪ್ರಸಿದ್ಧವಾದ ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಯಂತ್ರ ಬೇಡ. ಮನೆಯವರೇ ಮಾಡಿ ಸಮಾಧಾನಪಟ್ಟುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಅನುಮಾನವಿದ್ದರೆ ಮೂಳೆತಜ್ಞರಿಗೆ ತೋರಿಸಲೇಬೇಕು. ದಕ್ಷಿಣ ಬೆಂಗಳೂರಿನವರಿಗೆ ಇದು ದೂರದ ಮಾತೂ ಅಲ್ಲ: ಜಯನಗರ ನಾಲ್ಕನೆಯ ಟಿ ಬ್ಲಾಕಿನಲ್ಲಿ ಸಾರ್ವಜನಿಕ ಆಸ್ಪತ್ರೆಯಿದೆ, ಭೈರಸಂದ್ರದಲ್ಲಿ ಮೂಳೆ ಮತ್ತು ಅಪಘಾತ ಚಿಕಿತ್ಸೆಗೇ ಮೀಸಲಾದ ಸರಕಾರದ ಸಂಜಯಗಾಂಧಿ ಸಂಸ್ಥೆಯಿದೆ. ಮುಂದಿನ ತಿಂಗಳ ಸಂಬಳಕ್ಕೆ ಕಾಯಬೇಕಾದ ಖರ್ಚು ಅಲ್ಲಿ ಇಲ್ಲ.

ಹರಿಯದೆ ಬರೀ ಸವೆದು ನೋಯುವ ರಜ್ಜುವಿನ ಕಥೆ ಬೇರೆ. ಅದನ್ನು ಬಾವು ಎಂದು ತಿಳಿದು ತಿಂಗಳುಗಟ್ಟಲೆ ವಿಶ್ರಾಂತಿ ಕೊಡುವುದು ನಮ್ಮಲ್ಲಿ ರೂಢಿ. ದೀರ್ಘಕಾಲದ ಸ್ನಾಯುರಜ್ಜು ನೋವಿನಲ್ಲಿ ಬಾವಿಗಿಂತ ಎಳೆಗಳ ಶೈಥಿಲ್ಯವೇ ಹೆಚ್ಚು, ವಿಶ್ರಾಂತಿಯಿಂದ ಅದು ಇನ್ನಷ್ಟು ಬಲಗುಂದುತ್ತದೆ. ಈ ಭಾಗಕ್ಕೆ ರಕ್ತದ ಓಡಾಟ ಕಡಿಮೆಯಾದುದರಿಂದ ಹೊಸ ಎಳೆಗಳು ನಿಧಾನವಾಗಿ ಹುಟ್ಟುತ್ತವೆ. ಹುಟ್ಟಿದ ಎಳೆಗಳು ಸಾಲಾಗಿ ನಿಂತು ಗಟ್ಟಿಯಾಗಬೇಕಾದರೆ ಅವುಗಳ ಮೇಲೆ ಅಳತೆಯ ಭಾರ ಬೀಳಬೇಕು. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ಎಂಬ ಶಸ್ತ್ರವೈದ್ಯರು 1998ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು ನೋವಿರುವ ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸುವುದು. ಮಂಡಿಯನ್ನು ನೆಟ್ಟಗಿಟ್ಟು ಹದಿನೈದರಂತೆ ಮೂರು ಸರತಿ, ಮಂಡಿಯನ್ನು ಬಾಗಿಸಿ ಮೂರು ಸರತಿ. ದಿನಕ್ಕೆ ಎರಡು ಹೊತ್ತು. ಒಟ್ಟು ದಿನಕ್ಕೆ 180 ಸಲ, ಹನ್ನೆರಡು ವಾರ. ಇದನ್ನು ಭೌತಚಿಕಿತ್ಸಕರ ಕಣ್ಣೆದುರು ಕಲಿತು ಆಮೇಲೆ ಮನೆಯಲ್ಲಿ ಮಾಡಬೇಕು. ಇಲ್ಲಿ ಔಷಧವೆಂದರೆ ರೋಗಿಯೇ ಮಾಡುವ ಕಾಯಕ. ಬೇರೆ ಯಾರೂ ಅವನಿಗಾಗಿ ಅದನ್ನು ಮಾಡಿಕೊಡಲಾರರು. ಬಹುಮಂದಿ ಗುಳಿಗೆಯತ್ತ ವಾಲುವುದಕ್ಕೆ ಇದೂ ಒಂದು ಗುಪ್ತ ಕಾರಣವೆಂದು ನನ್ನ ಅನುಮಾನ: ನಾಲಿಗೆಯ ಕೆಳಗೆ ನಾಲ್ಕು ಗುಳಿಗೆ ಇಟ್ಟುಕೊಳ್ಳುವುದಕ್ಕೂ ಮೆಟ್ಟಿಲ ಮೇಲೆ ನೂರೆಂಬತ್ತು ಸಲ ಇಳಿಯುವುದಕ್ಕೂ ಬೆವರಿನ ಲೆಕ್ಕದಲ್ಲಿ ಬಹಳ ಅಂತರವಿದೆ.

ಕಾಲಾವಧಿಯ ಬಗ್ಗೆ ಭ್ರಮೆಯಿರುವವರು ನಮ್ಮವರೇ ಆದ ಕೆ.ಎಲ್. ರಾಹುಲ್ ಅವರನ್ನು ನೆನೆಯಬಹುದು. 2023ರ ಮೇ 1ರಂದು ಲಖನೌದಲ್ಲಿ ಚೆಂಡನ್ನು ಬೆನ್ನಟ್ಟಿ ಓಡುವಾಗ ಅವರ ತೊಡೆಯ ಸ್ನಾಯುರಜ್ಜು ಹರಿಯಿತು. ಅದೇ ತಿಂಗಳು ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ದಿನದಿನದ ವ್ಯಾಯಾಮ. ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111 ಓಟ ಗಳಿಸಿ ಅವರು ಮರಳಿದರು. ಹಿಮ್ಮಡಿಯ ರಜ್ಜುವಿಗೆ 2024ರ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೊಹಮ್ಮದ್ ಶಮಿ ಪಂದ್ಯಕ್ಕೆ ಮರಳಿದ್ದು ನವೆಂಬರಿನಲ್ಲಿ. ದೇಶದ ಅತ್ಯುತ್ತಮ ವೈದ್ಯರೂ ತರಬೇತುದಾರರೂ ಕೈಗೆಟುಕುವ ಯುವಕರಿಗೆ ನಾಲ್ಕು ತಿಂಗಳು, ಒಂಬತ್ತು ತಿಂಗಳು ಹಿಡಿದಿರುವಾಗ, ಐವತ್ತು ದಾಟಿದವರಿಗೆ ಹದಿನೈದು ದಿನಗಳಲ್ಲಿ ಗುಣವೆಂದು ಯಾವ ಪದ್ಧತಿಯ ವೈದ್ಯರು ಭರವಸೆ ಕೊಟ್ಟರೂ ಎದ್ದು ಬರುವುದು ಲೇಸು.

ಭುಜದ ವಿಷಯವನ್ನು ಈ ಪತ್ರಿಕೆಯ ಓದುಗರಿಗೆಂದೇ ಬೇರೆಯಾಗಿ ಹೇಳಬೇಕು. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡು, ದೃಷ್ಟಿಯ ನೇರಕ್ಕೆ ಎತ್ತಿಹಿಡಿದು, ಅನಿಮಿಷವಾಗಿ ನೋಡುತ್ತ ಕುಳಿತುಕೊಳ್ಳುವುದು ನಮ್ಮ ನಿತ್ಯವಿಧಿ. ಭುಜದ ಸ್ನಾಯುರಜ್ಜುಗಳು ಸವೆದವರಿಗೆ, ವಿಶೇಷವಾಗಿ ಅರವತ್ತು ದಾಟಿದ ತಾಯಂದಿರಿಗೆ, ಮೊದಲು ನೋವು ಕಾಣಿಸಿಕೊಳ್ಳುವುದು ಹೀಗೆ ಕೈಯೆತ್ತಿ ಹಿಡಿದಾಗಲೇ. ಕೆಲವರು ಅದನ್ನು ತಮ್ಮ ನಿಷ್ಠೆಯ ಪರೀಕ್ಷೆಯೆಂದು ಸಹಿಸುತ್ತಾರೆ. ಕೆಲವರು ಯಾರಿಗೂ ಹೇಳದೆ ಪೂಜೆಯ ಹೊತ್ತನ್ನೇ ಕಡಿಮೆ ಮಾಡುತ್ತಾರೆ. ಎರಡೂ ಬೇಡ. ಮೊಣಕೈಯ ಕೆಳಗೆ ಒಂದು ದಿಂಬನ್ನೋ ಚಿಕ್ಕ ಮಣೆಯನ್ನೋ ಆಸರೆಯಾಗಿಟ್ಟುಕೊಂಡರೆ ಭುಜದ ಮೇಲಿನ ಭಾರ ಬಹುಪಾಲು ಇಳಿಯುತ್ತದೆ, ಪೂಜೆಗೆ ಅದರಿಂದ ಯಾವ ಕುಂದೂ ಇಲ್ಲ. ಭೌತಚಿಕಿತ್ಸಕರ ಬಳಿ ಹೋದಾಗ "ಅಡುಗೆ ಮಾಡುವಾಗ ನೋವು" ಎಂದು ಹೇಳುವಂತೆಯೇ "ಲಿಂಗಪೂಜೆಯಲ್ಲಿ ಕೈಯೆತ್ತಿ ಇಷ್ಟು ಹೊತ್ತು ಹಿಡಿಯಬೇಕು" ಎಂದೂ ಹೇಳಬೇಕು. ಅವರು ವ್ಯಾಯಾಮವನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ಜಾತ್ರೆಯಲ್ಲಿ ನಂದಿಕೋಲು ಹೊರುವ ತರುಣರೂ ವೀರಗಾಸೆಯವರೂ ತಮ್ಮ ಸೇವೆಯ ವಿವರವನ್ನು ಹೀಗೆಯೇ ವೈದ್ಯರಿಗೆ ಬಿಚ್ಚಿ ಹೇಳತಕ್ಕದ್ದು.

ಪ್ರತಿಯೊಬ್ಬರೂ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಭೇದಿಗೋ ಮೂತ್ರದ ಸೋಂಕಿಗೋ ಔಷಧದ ಅಂಗಡಿಯಿಂದ ತಾವೇ ಕೊಂಡುತರುವ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳು ಸ್ನಾಯುರಜ್ಜುವನ್ನು ದುರ್ಬಲಗೊಳಿಸಿ ಹರಿಯುವಂತೆ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿಯೇ ಇವುಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಮುದ್ರಿಸಲು ಆದೇಶಿಸಿತು. ಅರವತ್ತು ದಾಟಿದವರಿಗೆ, ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಅಪಾಯ ಹೆಚ್ಚು. ಹಿಮ್ಮಡಿಯ ರಜ್ಜುವಿಗೆ ನೇರವಾಗಿ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳುವುದರಿಂದಲೂ ಅದು ಹರಿಯುವ ಭಯವಿದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ರಜ್ಜುಗಳು ಗಡುಸಾಗಿ ಬೇಗ ನೋಯುತ್ತವೆ. ಭುಜ ಹಿಡಿದುಕೊಳ್ಳುವುದು ಅವರಲ್ಲಿ ಹೆಚ್ಚು. ಆದುದರಿಂದ ದೋಷವೆಲ್ಲ ಗುಳಿಗೆಯ ಪಕ್ಷದಲ್ಲಿಯೇ ಇದೆಯೆಂದು ನಾನು ಹೇಳಿದಂತೆ ಯಾರೂ ಭಾವಿಸಬಾರದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ವೈದ್ಯವೇ ಅವನ ಕಾಯಕ. ರೋಗ, ಮದ್ದು, ಪಥ್ಯಗಳ ಮಾತಿನಲ್ಲಿಯೇ ಅವನ ವಚನಗಳು ನಡೆಯುತ್ತವೆ. ಅರಿವಿಲ್ಲದ ಕ್ರಿಯೆಯನ್ನು ಶರಣರು ಒಪ್ಪಲಿಲ್ಲ. ವೈದ್ಯಕ್ಕೂ ಈ ಅಳತೆಗೋಲು ಅನ್ವಯಿಸುತ್ತದೆ. ಏನಾಗಿದೆಯೆಂದು ಅರಿಯದೆ ಮದ್ದು ಕೊಡುವುದು, ಏನೆಂದು ಕೇಳದೆ ಮದ್ದು ನುಂಗುವುದು ಎರಡೂ ಬರೀ ಕ್ರಿಯೆ. ಒಳ್ಳೆಯ ಹೋಮಿಯೋಪಥಿ ವೈದ್ಯರು ಇದನ್ನು ಬಲ್ಲರು. ಅವರ ಪಠ್ಯಕ್ರಮದಲ್ಲಿ ಅಂಗರಚನಾಶಾಸ್ತ್ರವೂ ಶಸ್ತ್ರವೈದ್ಯದ ಪರಿಚಯವೂ ಇರುವುದು ಇದಕ್ಕಾಗಿಯೇ. ಹಿಮ್ಮಡಿಯನ್ನು ಮುಟ್ಟಿ ನೋಡಿ, ಮೀನಖಂಡವನ್ನು ಹಿಂಡಿ ನೋಡಿ, "ಇದು ನನ್ನ ಕೈಯದಲ್ಲ, ಇಂದೇ ಮೂಳೆತಜ್ಞರಲ್ಲಿಗೆ ಹೋಗಿ" ಎಂದು ಚೀಟಿ ಬರೆದುಕೊಡುವ ವೈದ್ಯರಿಗೆ ನಾವು ಕೃತಜ್ಞರಾಗಿರಬೇಕು. ಮುಟ್ಟದೆಯೇ ಪ್ರಶ್ನೆಗಳನ್ನು ಕೇಳಿ ಸೀಸೆ ಕೊಟ್ಟು ಕಳುಹಿಸುವವರು ಎಷ್ಟೇ ಮೃದುಭಾಷಿಗಳಾಗಿದ್ದರೂ ಅವರಿಂದ ದೂರವಿರುವುದು ಒಳ್ಳೆಯದು.

ಕೊನೆಯದಾಗಿ ನಮ್ಮ ಶಿಬಿರಗಳ ವ್ಯವಸ್ಥಾಪಕರಲ್ಲಿ ಒಂದು ಬಿನ್ನಹ. ಶಿಬಿರದಲ್ಲಿ ಹೋಮಿಯೋಪಥಿ ವಿಭಾಗವನ್ನು ಮುಚ್ಚಿ ಎಂದು ನಾನು ಕೇಳುತ್ತಿಲ್ಲ. ಕೈಕಾಲು ನೋವೆಂದು ಬಂದವರು ಗುಳಿಗೆಯ ಸಾಲಿಗೆ ಸೇರುವುದಕ್ಕೆ ಮುಂಚೆ ಒಬ್ಬ ಭೌತಚಿಕಿತ್ಸಕರ ಎದುರು ಎರಡು ನಿಮಿಷ ನಿಲ್ಲುವಂತೆ ಏರ್ಪಾಡು ಮಾಡಿದರೆ ಸಾಕು. ಯಾವಾಗ ನೋವಾಯಿತು, ಸದ್ದು ಕೇಳಿತೇ, ಒಂದೇ ಕಾಲಿನ ತುದಿಬೆರಳ ಮೇಲೆ ನಿಲ್ಲಲು ಆಗುತ್ತದೆಯೇ, ಕೈಯನ್ನು ತಲೆಯ ಮೇಲಕ್ಕೆ ಎತ್ತಲು ಆಗುತ್ತದೆಯೇ ಎಂದು ಅವರು ನೋಡಲಿ. ಅನುಮಾನವಿದ್ದವರ ಚೀಟಿಗೆ ಕೆಂಪು ಗುರುತು ಹಾಕಿ ಅಂದೇ ಆಸ್ಪತ್ರೆಗೆ ಕಳುಹಿಸಲಿ. ನಗರದ ಭೌತಚಿಕಿತ್ಸಾ ಕಾಲೇಜುಗಳ ವಿದ್ಯಾರ್ಥಿಗಳನ್ನು ಅವರ ಅಧ್ಯಾಪಕರೊಡನೆ ಕರೆದರೆ ಸಂತೋಷದಿಂದ ಬರುತ್ತಾರೆ. ಇದಕ್ಕೆ ಬೇಕಾಗುವ ಸಲಕರಣೆಯೆಂದರೆ ಮಂಗಲ ಕಾರ್ಯಾಲಯದಿಂದ ತಂದ ಒಂದು ಮಂಚ, ಹೆಂಗಸರಿಗೆ ಮರೆಯಾಗಿ ಒಂದು ಪರದೆ.